ಡಾಕ್ಟರ ಮುಖ

ಅಕ್ಕ ಚಪ್ಪಲಿ ಅಂಗಡಿಯಲ್ಲಿ ವರ್ಷಗಟ್ಟಲೆ ಗಿರಾಕಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತವಳು. ಚಪ್ಪಲಿ ಕಚ್ಚುತ್ತಿದೆಯೋ, ಬಣ್ಣ ಹಿಡಿಸಲಿಲ್ಲವೋ, ಅವರು ಬಾಯಿ ಬಿಡುವ ಮೊದಲೇ ಮುಖ ನೋಡಿ ಹೇಳಿಬಿಡುತ್ತಿದ್ದಳು. ಅಮ್ಮನ ಮಂಡಿಗೆ ಆಪರೇಷನ್ ಮಾಡಿಸಬೇಕೋ ಬೇಡವೋ ಎಂಬ ಮಾತು ಬಂದಾಗ ತಮ್ಮ, "ನೀನೇ ಹೋಗಿ ಬಾ ಅಕ್ಕ. ಡಾಕ್ಟರು ಹೇಳೋದು ನನ್ನ ತಲೆಗೆ ಹೋಗಲ್ಲ" ಎಂದು ಜಾರಿಕೊಂಡ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮಾಡಿಸೋದೇ ಒಳ್ಳೇದು. ಹೃದಯ, ಸಕ್ಕರೆ ಎಲ್ಲಾ ಸರಿಯಾಗಿದೆ." ಅಷ್ಟು ಹೇಳುವಷ್ಟರಲ್ಲಿ ಅವರ ಮುಖ ಹರಳೆಣ್ಣೆ ಕುಡಿದಂತೆ ಕಿವುಚಿಕೊಂಡಿತು.

"ಮೊದಲಿನ ಹಾಗೆ ಓಡಾಡ್ತಾರಾ ಸಾರ್?"

"ಓಡಾಡ್ತಾರೆ" ಎಂದವರು ಕಣ್ಣು ಮುಚ್ಚಿ, ತುಟಿ ಕಚ್ಚಿ, ಗೋಡೆಯ ಕಡೆ ತಿರುಗಿಬಿಟ್ಟರು.

ಅಕ್ಕ ಬಗ್ಗಿ ಆ ಮುಖವನ್ನೇ ನೋಡಿದಳು. ಬಾಯಿ ಹೂಂ ಅನ್ನುತ್ತಿದೆ, ಮುಖ ಬೇಡ ಅನ್ನುತ್ತಿದೆ! "ಸದ್ಯಕ್ಕೆ ಮಾತ್ರೆಯಲ್ಲೇ ನೋಡೋಣ ಸಾರ್" ಎಂದಳು. ಪಕ್ಕದಲ್ಲಿ ಕೂತಿದ್ದ ಅಮ್ಮ ಏನೋ ಹೇಳಲು ಹೊರಟರೆ, "ನೀನು ಸುಮ್ನಿರಮ್ಮ, ನಂಗೆ ಗೊತ್ತಾಗುತ್ತೆ" ಎಂದು ಬಾಯಿ ಮುಚ್ಚಿಸಿದಳು.

ಮಾತ್ರೆಯಿಂದ ಹೊಟ್ಟೆ ಕೆಟ್ಟಿತೇ ಹೊರತು ಮಂಡಿ ಬಗ್ಗಲಿಲ್ಲ. ಅಮ್ಮ ಗೋಡೆ ಹಿಡಿದು ಬಚ್ಚಲಿಗೆ ಹೋಗುವಂತಾಯಿತು. ಮತ್ತೆ ಆಸ್ಪತ್ರೆಗೆ ಬಂದರೆ ಡಾಕ್ಟರು ನಗುನಗುತ್ತ ಕುಳಿತಿದ್ದರು.

"ಅವತ್ತೇ ಹೇಳಿದ್ನಲ್ಲಮ್ಮ, ಯಾಕೆ ಬೇಡ ಅಂದ್ರಿ?"

"ನಿಮ್ಮ ಮುಖ ನೋಡಿ ಹೆದರಿಕೊಂಡೆ ಸಾರ್. ಒಳಗೊಳಗೇ ಏನೋ ಅನುಮಾನ ಇದೆ ಅಂದ್ಕೊಂಡೆ."

ಡಾಕ್ಟರು ಕೆನ್ನೆ ಮುಟ್ಟಿಕೊಂಡರು. "ಅಯ್ಯೋ, ಅದು ದವಡೆ ಹಲ್ಲು! ನಿಮ್ಮನ್ನ ಕಳಿಸಿ ನೇರವಾಗಿ ಹೋಗಿ ಕೀಳಿಸ್ಕೊಂಡೆ."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಗಾದ್ರೆ ಈ ವಾರವೇ ಮಾಡಿಬಿಡಿ" ಎಂದಳು. ಆದರೆ ಅವತ್ತು ಬೇಡ ಅಂದದ್ದರಿಂದ ಅಮ್ಮನ ಆಪರೇಷನ್ ಸರದಿ ಬೇರೆಯವರಿಗೆ ಹೋಗಿತ್ತು. ಇನ್ನು ಮೂರು ತಿಂಗಳು ಕಾಯಬೇಕಂತೆ. ಗೋಗರೆದಳು, ರೇಗಿದಳು, ಏನೂ ಗಿಟ್ಟಲಿಲ್ಲ.

ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದರೆ, "ಮುಖ ನೋಡು ಅಂತ ನಿಂಗೆ ಯಾರೇ ಹೇಳಿದ್ದು?" ಎಂದ. "ಕೈ ತೊಳ್ಕೊಂಡು ಕೂತವನು ನೀನು ಮಾತಾಡಬೇಡ!" ಎಂದು ಕಿರುಚಿ ಕಟ್ ಮಾಡಿದಳು. ಮೈ ಪರಚಿಕೊಳ್ಳುವಂತಾಗಿತ್ತು. ಯಾರನ್ನು ಬೈಯುವುದು? ಹಲ್ಲನ್ನೇ?

"ಅವರ ಮುಖ ಅಷ್ಟು ಹೊತ್ತು ನೋಡಿದ್ಯಲ್ಲ," ಎಂದಳು ಅಮ್ಮ, "ನಾನು ಪಕ್ಕದಲ್ಲೇ ಕೂತಿದ್ದೆ ಕಣೇ. ಮಾಡಿಸ್ತೀನಿ ಅನ್ನೋಕೆ ಬಾಯಿ ತೆಗೆದಿದ್ದೆ."

ಮೆಟ್ಟಿಲ ಬಳಿ ಅಕ್ಕ ಕೈ ಚಾಚಿದಳು. ಅಮ್ಮ ಆ ಕೈ ಹಿಡಿಯದೆ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.