ಮಂಡಿಯ ಪಿನ್ನಿಗೆ ಬಳಿದ ಲೇಪ

ಪ್ರಯೋಗಾಲಯದಲ್ಲಿ ಅವಳ ಕೆಲಸವೇ ಸವೆಸುವುದು. ಪಾಲಿಮರಿನಲ್ಲಿ ನ್ಯಾನೋ ಕಣ ಬೆರೆಸಿ, ಉಕ್ಕಿನ ಬಿಲ್ಲೆಗೆ ಕೂದಲಿಗಿಂತ ತೆಳ್ಳಗೆ ಬಳಿದು, ಬಿಲ್ಲೆ ತಿರುಗುವಾಗ ಮೇಲೊಂದು ಉಕ್ಕಿನ ಗುಂಡು ಒತ್ತಿ ಹಿಡಿದು, ಲೇಪ ಎಷ್ಟು ಹೊತ್ತು ತಾಳುತ್ತದೆಂದು ನೋಡುವುದು. ಪ್ರತಿ ಪರೀಕ್ಷೆಗೂ ಹೊಸ ಗುಂಡು ಹಾಕಬೇಕು. ಹಳೆಯದಕ್ಕೆ ಹಿಂದಿನ ಲೇಪ ಮೆತ್ತಿಕೊಂಡಿರುತ್ತದೆ. ಲೇಪವನ್ನು ಲೇಪವೇ ಉಜ್ಜಿದರೆ ಸವೆಯುವ ಮಾತೆಲ್ಲಿ ಬಂತು? ಅಲ್ಲಿ ಮೊದಲ ದಿನವೇ ಕಲಿಸುವ ಪಾಠ ಇದು.

ಮಹಾರಾಯ್ತಿ ಅದನ್ನೇ ಮರೆತಳು. ಹಳೆಯ ಗುಂಡಿನಲ್ಲೇ ಪರೀಕ್ಷೆ ಮುಗಿಸಿ, ಒಂದು ಗೆರೆಯೂ ಬೀಳಲಿಲ್ಲವೆಂದು ಕುಣಿದಳು. ಮೇಷ್ಟ್ರು ಬೆನ್ನು ತಟ್ಟಿದರು. ಅಷ್ಟಕ್ಕೇ ಸುಮ್ಮನಿರಬಾರದೇ? ಅಪ್ಪನ ಕೃತಕ ಕಾಲಿನ ಮಂಡಿ ಬಿಚ್ಚಿ, ಕಿರುಗುಟ್ಟುತ್ತಿದ್ದ ಪಿನ್ನಿಗೂ ಅದನ್ನೇ ಬಳಿದಳು. "ಇನ್ನು ಈ ಜನ್ಮದಲ್ಲಿ ಸವೆಯಲ್ಲ, ನೋಡ್ತಿರು," ಎಂದಳು. ಅಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಕೆಲವು ವಾರ ಕಳೆದು ಇವತ್ತು ಆ ಹಳೆಯ ಗುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಬಣ್ಣ ಬಯಲಾಯಿತು. ಹಿಂದಿನ ಲೇಪ ಅದಕ್ಕೆ ಅಂಟಿ ಕೂತಿತ್ತು. ಹೊಸ ಗುಂಡು ಹಾಕಿದಳು. ನೋಡನೋಡುತ್ತಲೇ ಲೇಪ ಕಿತ್ತುಬಂತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೇಷ್ಟ್ರು ಎದುರಿಗೇ ಇದ್ದರೂ ಹೇಳಲು ನಾಲಿಗೆ ಏಳಲಿಲ್ಲ. ಮೊದಲು ಅಪ್ಪನ ಪಿನ್ನನ್ನು ಸದ್ದಿಲ್ಲದೆ ಬದಲಿಸಿಬಿಡೋಣ ಎಂದು ಹೊಸದೊಂದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

"ಅಪ್ಪಾ, ಕಾಲು ಬಿಚ್ಚಿಕೊಡು, ಸುಮ್ನೆ ನೋಡ್ತೀನಿ."

"ಅದಕ್ಕೇನಾಗಿದೆಯಮ್ಮ, ಗಟ್ಟಿಮುಟ್ಟಾಗಿದೆ," ಎಂದು ಅಪ್ಪ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡರು.

ಹಟ ಮಾಡಿ ಇಸಿದುಕೊಂಡಳು. ಲೇಪ ಹೇಳಹೆಸರಿಲ್ಲದಂತೆ ಹೋಗಿತ್ತು. ಪಿನ್ನಿನ ತುಂಬ ಹೊಲಿಗೆ ಮಿಷನ್ನಿನ ಎಣ್ಣೆ.

"ಎಣ್ಣೆ ಯಾಕೆ ಹಾಕಿದೆ?"

ಅಪ್ಪ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದರು. "ಬೈಬೇಡ. ವಾರಕ್ಕೇ ಮತ್ತೆ ಕಿರ್ ಅನ್ನೋಕೆ ಶುರುವಾಯ್ತು. ಅಲ್ಲಿ ಗೆದ್ದಿದ್ದು ನನ್ನ ಕಾಲಲ್ಲಿ ಹಾಳಾಗಿದೆ ಅಂದ್ರೆ ನನ್ನ ನಡಿಗೇನೇ ಸರಿಯಿಲ್ಲ, ಅಲ್ವಾ? ಅದಕ್ಕೇ ಹೊರಗೆ ಹೋಗೋದು ಬಿಟ್ಟಿದ್ದೀನಿ."

ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು. ಚೀಲದಲ್ಲಿದ್ದ ಹೊಸ ಪಿನ್ನನ್ನು ಮುಟ್ಟುವ ಮನಸ್ಸಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಮೇಷ್ಟ್ರಿಗೆ ಫೋನು ಮಾಡಿದಳು.

"ಸಾರ್, ನನ್ನ ಫಲಿತಾಂಶ ಸುಳ್ಳು. ನಾನು ಗುಂಡು ಬದಲಾಯಿಸಿರಲಿಲ್ಲ," ಎಂದು ಅಪ್ಪನಿಗೂ ಕೇಳುವ ಹಾಗೆ ಹೇಳಿದಳು. "ತಪ್ಪು ನಂದೇ."

ಆ ಕಡೆಯಿಂದ ಮೇಷ್ಟ್ರ ದನಿ ಏರಿತು. ಅಪ್ಪ ಒಂಟಿ ಕಾಲಿನಲ್ಲೇ ಕುರ್ಚಿ ಹಿಡಿದು ಎದ್ದು ನಿಂತು ಕೈ ಚಾಚಿದರು.

"ಬೈತಿದ್ದಾರಾ? ಕೊಡಿಲ್ಲಿ. ನನ್ನ ನಡಿಗೇದೇ ತಪ್ಪು ಅಂತ ನಾನು ಹೇಳ್ತೀನಿ."