ಬಿಸಿಲಿನ ಬೋರು

ಎಂಜಿನ್ನಿನ ಒತ್ತಡ ಅಳೆಯುವ ಗೇಜಿನ ಮುಳ್ಳು ಅರವತ್ತಕ್ಕೆ ಬಂದು ನಿಂತುಬಿಟ್ಟಿತು. ಅಮರನಾಥ ಗೇಜನ್ನು ಬಿಚ್ಚಿ, ಬಾಯಿಂದ ಊದಿ, ಮತ್ತೆ ಪ್ಲಗ್ಗಿನ ತೂತಿಗೆ ಕೂರಿಸಿ ಎಂಜಿನ್ನು ತಿರುಗಿಸಿದ. ಅರವತ್ತೇ. ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಬೇರಿಂಗು ಹಾಕಿ ಮೈಮುರಿದು ಕಟ್ಟಿದ ಎಂಜಿನ್ನು ಅದರ ಎರಡರಷ್ಟು ತೋರಿಸಬೇಕಿತ್ತು. ಗೇಜು ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡು ಅದನ್ನು ಪಕ್ಕದಲ್ಲಿ ರಿಪೇರಿಗೆ ನಿಂತಿದ್ದ ಬೈಕಿಗೆ ಹಾಕಿ ನೋಡಿದ. ಗೇಜಿಗೆ ಏನೂ ಆಗಿರಲಿಲ್ಲ.

ನಂದೂರಿನ ದಾಲ್ ಮಿಲ್ಲುಗಳ ಹಿಂದೆ ಅವನ ಗ್ಯಾರೇಜು. ಟೂ-ಸ್ಟ್ರೋಕ್ ಎಂಜಿನ್ನು ಅಂದರೆ ಅಮರನಾಥ ಎಂದು ಕಲಬುರಗಿಯ ಆಟೋದವರೆಲ್ಲ ಹೇಳುತ್ತಿದ್ದ ಕಾಲವೊಂದಿತ್ತು. ಆ ಆಟೋಗಳು ರಸ್ತೆಯಿಂದ ಮಾಯವಾದವು, ಅವನು ಹೊಸ ಸ್ಕೂಟರುಗಳ ಆಯಿಲ್ ಬದಲಿಸುತ್ತ ಕುಳಿತ. ಹೀಗಿರುವಾಗ ಕೈಗೆ ಬಂದ ಈ ಎಂಜಿನ್ನನ್ನು ಹಬ್ಬದೂಟದಂತೆ ಬಿಚ್ಚಿದ್ದ. ಈಗ ಅದೇ ಗಂಟಲಿಗೆ ಸಿಕ್ಕಿಕೊಂಡಿತ್ತು.

ಗಾಡಿ ಅವನ ಅಣ್ಣನದು. ಗಾಲ್ಫ್ ಎಂಬ ಆಟವನ್ನು ಕಮಲಾಪುರದಲ್ಲಿ ಯಾರೂ ಆಡಿದ್ದಿಲ್ಲ, ಆಡುವವರನ್ನು ಕಂಡದ್ದೂ ಇಲ್ಲ. ಆದರೆ ಮುಚ್ಚಿಹೋದ ಯಾವುದೋ ಕಾರ್ಖಾನೆಯ ಗೆಸ್ಟ್ ಹೌಸಿನಿಂದ ಗುಜರಿಗೆ ಬಂದಿದ್ದ ಗಾಲ್ಫ್ ಗಾಡಿಯೊಂದು ಅಮರನಾಥನ ಕಣ್ಣಿಗೆ ಬಿದ್ದು, ಕಮಲಾಪುರದಲ್ಲಿದ್ದ ಅಣ್ಣ ಮಲ್ಲಣ್ಣನ ಅಂಗಳ ಸೇರಿತ್ತು. ಸಕ್ಕರೆ ಕಾಯಿಲೆ ಮಲ್ಲಣ್ಣನ ಒಂದು ಕಾಲನ್ನು ಮೊಣಕಾಲಿನ ತನಕ ನುಂಗಿ, ವರ್ಷ ತುಂಬುವುದರೊಳಗೆ ಇನ್ನೊಂದನ್ನೂ ಕಿತ್ತುಕೊಂಡಿತ್ತು. ಗಾಲಿಕುರ್ಚಿ ಅಂಗಳ ದಾಟಿದರೆ ಮಣ್ಣಿನಲ್ಲಿ ಹೂತುಹೋಗುತ್ತಿತ್ತು. ಟ್ರ್ಯಾಕ್ಟರಿಗೆ ಹತ್ತಿಸಬೇಕೆಂದರೆ ಇಬ್ಬರು ಎತ್ತಬೇಕು. "ಸತ್ತ ಮ್ಯಾಲ ಎತ್ತೋದು ಇದ್ದೇ ಅದ, ಈಗ್ಯಾಕ ಅವಸರ ಮಾಡಾಕತ್ತೀರಿ?" ಎಂದು ಎತ್ತಲು ಬಂದವರನ್ನು ಬೈದು ಕಳಿಸುತ್ತಿದ್ದ.

ಈ ಗಾಡಿಯ ಸೀಟು ಅವನು ಮಲಗುವ ಹೊರಸಿನಷ್ಟೇ ಎತ್ತರವಿತ್ತು. ಕೈಯೂರಿ ಸರಿದು ತಾನೇ ಕೂರಬಹುದಿತ್ತು. ಅಮರನಾಥ ಪೆಡಲುಗಳನ್ನು ಕಿತ್ತು ಕೈಗೆ ಸಿಗುವಂತೆ ಲಿವರು ಹಾಕಿಕೊಟ್ಟಿದ್ದ. ಲಿವರು ಒತ್ತಿದರೆ ಎಂಜಿನ್ನು ಶುರು, ಬಿಟ್ಟರೆ ಬಂದ್. ಅದು ಆ ಗಾಡಿಯ ಹುಟ್ಟುಗುಣ. ದಿನಾ ಬೆಳಗಿನ ತಂಪಿನಲ್ಲಿ ಮಲ್ಲಣ್ಣ ಒಬ್ಬನೇ ಬದುವಿನ ಮೇಲೆ ಹೊರಟು, ತನ್ನ ಕೆಂಪುಬಾಳೆಯ ತೋಟವನ್ನು ಸುತ್ತಿ, ಬಿಸಿಲೇರುವ ಮೊದಲೇ ಮನೆಗೆ ಬರುತ್ತಿದ್ದ. ಊರವರು ಅದನ್ನು ಮಲ್ಲಣ್ಣನ ತೊಟ್ಟಿಲು ಎಂದು ನಗುತ್ತಿದ್ದರು, ಅವನೂ ನಗುತ್ತಿದ್ದ.

ಎಂಜಿನ್ನು ಸವೆದು ನಿಂತಾಗ ಮಾತ್ರ ಅವನು ನಗಲಿಲ್ಲ. "ಮುಂಗಾರಿನ ಮಿರಗಿನ ಮಳಿ ಬೀಳೂದ್ರೊಳಗ ಗಾಡಿ ಬಂದ್ರ ಬಂತು. ಇಲ್ಲಾಂದ್ರ ಬಾಳಿ ಕಡಿದು ತೊಗರಿ ಬಿತ್ರಿ. ನನ್ನ ಕಣ್ಣಿಲೆ ಸುತ್ತಿ ನೋಡಲಾರದ ತೋಟ ನನಗ್ಯಾಕ ಬೇಕು?" ಅಂದಿದ್ದ. ಹೆಂಡತಿ ಅಂಬಮ್ಮ ಮೈದುನನನ್ನು ಬಾಗಿಲ ಹೊರಗೆ ಕರೆದು, "ತಮ್ಮಾ, ತೋಟ ಹೋದ್ರ ಇವರು ಗೋಡಿ ಕಡಿ ಮಾರಿ ಮಾಡಿ ಮಲಗಿಬಿಡ್ತಾರ. ಆಮ್ಯಾಲ ಏಳಂಗಿಲ್ಲ" ಅಂದಿದ್ದಳು. ಅಮರನಾಥನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನು ಸೋಪಿನ ನೀರು ಕಲಸಿ ಹೆಡ್ಡಿನ ಸುತ್ತ ಹಚ್ಚಿ ಎಂಜಿನ್ನು ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ, ಪ್ಯಾಕಿಂಗಿನ ತಪ್ಪಲ್ಲ. ಆಮೇಲೆ ಪ್ಲಗ್ಗಿನ ತೂತಿನಿಂದ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಗೇಜು ಹಾಕಿದ. ಮುಳ್ಳು ಸರ್ರನೆ ಮೇಲೇರಿತು. ಅದು ಒಳ್ಳೆಯ ಸುದ್ದಿಯಲ್ಲ. ಆಯಿಲ್ ಬಿಟ್ಟಾಗ ಏರುತ್ತದೆ ಅಂದರೆ, ಪಿಸ್ಟನ್ನಿಗೂ ಅದು ಓಡಾಡುವ ಬ್ಲಾಕಿಗೂ ನಡುವೆ ಇರುವ ಸಂದನ್ನು ಆಯಿಲ್ ತುಂಬಿದೆ ಎಂದರ್ಥ. ಹೊಸ ಪಿಸ್ಟನ್ನಿನ ಸುತ್ತ ಸಂದು ಎಲ್ಲಿಂದ ಬರಬೇಕು?

ಬ್ಲಾಕು ಬಿಚ್ಚಿ ಒಂದು ರಿಂಗನ್ನು ಮಾತ್ರ ಒಳಗಿಳಿಸಿ ನೋಡಿದ. ರಿಂಗಿನ ಎರಡು ತುದಿಗಳ ನಡುವೆ ತೆಳ್ಳನೆಯ ತಗಡು ಬಿಗಿಯಾಗಿ ಹೋಗುವಷ್ಟು ಜಾಗವಿರಬೇಕು. ಅವನು ಅದಕ್ಕಿಂತ ದಪ್ಪನೆಯ ಹ್ಯಾಕ್ಸಾ ಬ್ಲೇಡು ತೂರಿಸಿದ. ಅದು ಸರಾಗವಾಗಿ ಹೋಯಿತು, ಬಂತು. ಬ್ಲಾಕನ್ನು ಚೀಲಕ್ಕೆ ಹಾಕಿಕೊಂಡು ನೆಹರು ಗಂಜಿನ ಹಿಂದಿನ ಓಣಿಯಲ್ಲಿದ್ದ ಉಜೈರನ ಲೇತ್ ಅಂಗಡಿಗೆ ಹೋದ. ಹೊಸ ಪಿಸ್ಟನ್ನಿನ ಅಳತೆಗೆ ಬ್ಲಾಕಿನ ಒಳಗೋಡೆ ಕೊರೆದು ಬೋರ್ ಮಾಡಿದವನು ಉಜೈರನೇ. ಮನಸಾರೆ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದ.

ಉಜೈರ್ ಅಳತೆ ಹಿಡಿದು ನೋಡಿದ. "ನಾ ಹೊಡೆದದ್ದು ಇಷ್ಟೇ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

"ಇಷ್ಟು ಲೂಜ್ ಯಾಕ ಹೊಡದಿ ಮಾರಾಯ?"

"ಅರೇ ಭಾಯ್, ಕೊಡೋ ಮುಂದ ನೀ ಏನಂದಿ? ಬಿಸಿಲಿನ ಬೋರ್ ಹೊಡಿ ಅಂದಿಲ್ಲ?"

ಅಮರನಾಥನ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು. ಅಂದಿದ್ದ. ಬಿಸಿಲಿನ ಬೋರು ಅವರಿಬ್ಬರಿಗೂ ಬಾಯಿಪಾಠವಾದ ಮಾತು. ಕಲಬುರಗಿಯ ಮೇ ತಿಂಗಳಿನಲ್ಲಿ ಆಳುಮಂದಿ ತುಂಬಿಕೊಂಡು ಮಟಮಟ ಮಧ್ಯಾಹ್ನ ಓಡುವ ಆಟೋಗಳ ಪಿಸ್ಟನ್ನು ಕಾದು ಉಬ್ಬಿ ಬ್ಲಾಕಿಗೆ ಕಚ್ಚಿಕೊಳ್ಳುತ್ತಿತ್ತು. ಹಾಗಾಗಿ ಬೇಸಿಗೆಯಲ್ಲಿ ಬಂದ ಬ್ಲಾಕಿಗೆ ಬೇರೆ ಊರಿನವರು ಬಿಡುವುದಕ್ಕಿಂತ ಒಂದಿಷ್ಟು ಹೆಚ್ಚು ಸಡಿಲ ಬಿಟ್ಟೇ ಬೋರ್ ಮಾಡುವುದು ಇಲ್ಲಿನ ರೂಢಿ. ಅಮರನಾಥ ಜೀವಮಾನವೆಲ್ಲ ಹಾಗೇ ಹೇಳಿ, ಹಾಗೇ ಮಾಡಿಸಿ ಹೆಸರು ಮಾಡಿದವನು. ಈ ಪುಟ್ಟ ಎಂಜಿನ್ನಿಗೆ ಅಷ್ಟು ಸಡಿಲ ತಡೆಯುವ ತಾಕತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಈ ಗಾಡಿ ಮಧ್ಯಾಹ್ನದ ಮುಖವನ್ನೇ ಕಾಣುವುದಿಲ್ಲ. ಬೆಳಗಿನ ತಂಪಿನಲ್ಲಿ ಹೋಗಿ ತಂಪಿನಲ್ಲೇ ಬರುವ ಅಣ್ಣನ ಗಾಡಿಗೆ ಬಿಸಿಲಿನ ಬೋರು ಹೊಡೆಸಿದ್ದು ತಾನೇ.

"ಇದಕ್ಕಿಂತ ದೊಡ್ಡ ಪಿಸ್ಟನ್?" ಕೇಳಿದ, ಉತ್ತರ ಗೊತ್ತಿದ್ದೂ.

"ಇದೇ ಆಖರಿ ಸೈಜ್. ಹೈದರಾಬಾದಿನಾಗ ಹುಡುಕಿ ಹುಡುಕಿ ನೀನೇ ತಂದಿದ್ದಿ."

"ಒಳಗ ಸ್ಲೀವ್ ಹಾಕಿದ್ರ?"

ಉಜೈರ್ ಬ್ಲಾಕನ್ನು ಬೆಳಕಿಗೆ ಹಿಡಿದು ತೋರಿಸಿದ. ಮೊದಲೊಮ್ಮೆ ಯಾರೋ ಒಳಗೆ ಸ್ಲೀವಿನ ಕೊಳವೆ ಕೂರಿಸಿದ್ದರು; ಗೋಡೆ ಹಪ್ಪಳದಷ್ಟು ಉಳಿದಿತ್ತು. "ಟೂಲ್ ತಾಗಿಸಿದ್ರ ಒಡೀತದ. ಖತಂ ಭಾಯ್, ಇದರ ಆಸೆ ಬಿಡು. ಬ್ಯಾಟರಿ ಮೋಟಾರ್ ಕೂಡಸು." ಬ್ಯಾಟರಿ ಮೋಟಾರು ಕೂರಿಸಬೇಕೆಂದರೆ ಹಿಂದಿನ ಅಚ್ಚು, ಚಕ್ರ ಎಲ್ಲ ಬೇರೆಯೇ ಬೇಕು ಎಂಬುದು ಹೇಳಿದವನಿಗೂ ಗೊತ್ತಿತ್ತು, ಕೇಳಿದವನಿಗೂ ಗೊತ್ತಿತ್ತು. ಇಬ್ಬರೂ ಚಹಾ ಕುಡಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಆಗಿತ್ತು. ಆದರೆ ಮಳೆಯ ಮೋಡಗಳು ಆಗಲೇ ಸೇಡಂ ರಸ್ತೆಯ ಮೇಲೆ ಬಂದುಹೋಗುತ್ತಿದ್ದವು, ಅಂಬಮ್ಮ ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಮರನಾಥ ತನಗೆ ತಾನೇ ಟೋಪಿ ಹಾಕಿಕೊಂಡ. ಓಡುತ್ತ ಓಡುತ್ತ ರಿಂಗು ಕೂತುಕೊಂಡರೂ ಕೂತುಕೊಂಡೀತು, ಒಂದು ವರ್ಷ ದಬ್ಬಿದರೂ ಸಾಕು ಅಂದುಕೊಂಡ. ಎಂಜಿನ್ನು ಕಟ್ಟಿ, ಪೆಟ್ರೋಲಿಗೆ ದಪ್ಪ ಆಯಿಲ್ ಧಾರಾಳವಾಗಿ ಬೆರೆಸಿ, ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಕಮಲಾಪುರಕ್ಕೆ ಹೋದ. ಇಳಿಸುವಾಗ ಯಾರೂ ನೋಡದಂತೆ ಪ್ಲಗ್ಗು ಬಿಚ್ಚಿ ಒಳಗೆ ಆಯಿಲ್ ಬಿಟ್ಟ. ಇಂಥ ಕೆಲಸವನ್ನು ಅವನು ಗಿರಾಕಿಗೂ ಮಾಡಿದವನಲ್ಲ.

ಲಿವರು ಒತ್ತಿದ ಕೂಡಲೇ ಎಂಜಿನ್ನು ಹೊಗೆ ಕಾರುತ್ತ ಎದ್ದಿತು. ಮಲ್ಲಣ್ಣನ ಮುಖ ಅರಳಿದ್ದನ್ನು ನೋಡಿ ಅಮರನಾಥ ಬೇರೆ ಕಡೆ ತಿರುಗಿಕೊಂಡ. "ಹೊಗಿ ಭಾಳ ಬರಾಕತ್ತದಲ್ಲೋ!" ಎಂದು ಕೂಗುತ್ತಲೇ ಮಲ್ಲಣ್ಣ ಅಂಗಳ ದಾಟಿದ. ಅಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮರನಾಥ ಗಾಡಿಯ ಹಿಂದೆ ಹಿಂದೆ ನಡೆದ, ಅವನ ಕಿವಿಯೆಲ್ಲ ಎಂಜಿನ್ನಿನ ಮೇಲೆ.

ಬದುವಿನ ಏರು ಹೇಗೋ ಹತ್ತಿತು. ತೋಟದ ನಡುವೆ ಒಂದು ಗೊನೆಯ ಹತ್ತಿರ ಮಲ್ಲಣ್ಣ ಲಿವರು ಬಿಟ್ಟ, ಎಂಜಿನ್ನು ನಿಂತಿತು. ಕೈ ಚಾಚಿ ಕೆಂಪು ಕಾಯಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಒಣಗಿ ಜೋತುಬಿದ್ದ ಎಲೆಗಳನ್ನು ನೋಡಿ ಗಾಡಿ ನಿಂತ ನಾಲ್ಕು ತಿಂಗಳ ಬೈಗುಳವನ್ನೆಲ್ಲ ಆಳುಮಂದಿಗೆ ಬೈದ. ಅವನು ಹಾಗೆ ಬೈಯುವುದನ್ನು ಕೇಳಿ ಎಷ್ಟು ದಿನವಾಗಿತ್ತೋ. ಆಮೇಲೆ ಮುಂದೆ ಹೋಗಲು ಲಿವರು ಒತ್ತಿದ.

ಎಂಜಿನ್ನು ಗರಗರ ತಿರುಗಿತು, ಹಿಡಿಯಲಿಲ್ಲ. ಮತ್ತೆ ಒತ್ತಿದ. ಕಾದ ಎಂಜಿನ್ನಿನಲ್ಲಿ ಆಯಿಲ್ ನೀರಾಗಿ ಸೋರಿಹೋಗಿತ್ತು, ಒಳಗೆ ಒತ್ತಡವೆಂಬುದೇ ಇರಲಿಲ್ಲ. ಬ್ಯಾಟರಿ ಸೋತು ಬರೀ ಟಕ್ ಎನ್ನುವ ತನಕ ಮಲ್ಲಣ್ಣ ಒತ್ತಿದ. ಅಮರನಾಥ ನಟ್ಟು ಬಿಚ್ಚುವ ಪಾನಾ ಕೂಡ ಹೊರಗೆ ತೆಗೆಯಲಿಲ್ಲ. ಅದನ್ನು ಅಣ್ಣ ಗಮನಿಸಿದ.

"ನಿನಗ ಮೊದಲೇ ಗೊತ್ತಿತ್ತಲ್ಲ, ಅಮರ?"

"ಗೊತ್ತಿತ್ತಣ್ಣ. ನಾನೇ ಬೋರ್ ತಪ್ಪ ಹೊಡಸೀನಿ. ಇನ್ನ ಅದಕ್ಕ ಮದ್ದಿಲ್ಲ."

ಮಲ್ಲಣ್ಣ ಬೈಯಲಿಲ್ಲ. ಬೈದಿದ್ದರೆ ಅಮರನಾಥನಿಗೆ ಎಷ್ಟೋ ಹಗುರವಾಗುತ್ತಿತ್ತು. ಬಿಸಿಲು ಬಾಳೆಯ ಮೇಲಿನಿಂದ ಇಳಿದು ಸೀಟಿನ ಮೇಲೆ ಬಿತ್ತು. ಗಾಡಿಯನ್ನು ಮನೆಯ ತನಕ ಎಳೆಯಲು ಎತ್ತು ತರಬೇಕು, ಅಷ್ಟು ಹೊತ್ತು ಇವನನ್ನು ಬಿಸಿಲಲ್ಲಿ ಬಿಟ್ಟುಹೋಗುವಂತಿಲ್ಲ. ಅಮರನಾಥ ಬಾಯಿ ಬಿಡುವ ಮೊದಲೇ ಮಲ್ಲಣ್ಣ ಎರಡೂ ಕೈ ಮುಂದೆ ಚಾಚಿದ.

"ಎತ್ಕೋ" ಅಂದ.

ಅಮರನಾಥ ತಿರುಗಿ ಬಗ್ಗಿದ. ಅಣ್ಣ ಬೆನ್ನಿಗೆ ಬಿದ್ದ. ಒಂದು ಕಾಲದಲ್ಲಿ ತೊಗರಿ ಚೀಲವನ್ನು ಒಬ್ಬನೇ ಎತ್ತಿ ಗಾಡಿಗೆ ಎಸೆಯುತ್ತಿದ್ದ ಮನುಷ್ಯ ಇಷ್ಟೇನಾ ಎನ್ನುವಷ್ಟು ಕಡಿಮೆ ಭಾರವಿದ್ದ. ಅಮರನಾಥ ಬಾಳೆಯ ಸಾಲುಗಳ ನಡುವೆ ನಡೆದು ತೋಟ ದಾಟಿದ. ಬದು ಇಳಿಯುವಾಗ ಮಲ್ಲಣ್ಣ ಕಿವಿಯ ಹತ್ತಿರ ಹೇಳಿದ.

"ನಾಳೆ ಬಾಳಿ ಕಡಿಯಾಕ ಮಂದೀಗಿ ಹೇಳು. ಮೊದಲು ಕಿಟಕ್ಯಾಗಿಂದ ನನ್ನ ಹೊರಸಿಗಿ ಕಾಣೂ ಅಂಚಿನಿಂದ ಕಡೀಲಿ. ದಿನಾ ಸ್ವಲ್ಪ ಸ್ವಲ್ಪ ಹೋಗೋದು ನೋಡಾಕ ನನ್ನ ಕೈಲಾಗಂಗಿಲ್ಲ."

ಅಮರನಾಥ ಹೂಂ ಅಂದ. ಬಾಗಿಲಲ್ಲಿ ನಿಂತಿದ್ದ ಅಂಬಮ್ಮ, ಗಂಡ ತಮ್ಮನ ಬೆನ್ನ ಮೇಲೆ ಬರುವುದನ್ನು ಕಂಡು ಒಳಗೆ ಹೋಗಿ ಹಾಸಿಗೆ ಸರಿಮಾಡಿದಳು.