ಗಾಣದ ಎಣ್ಣೆ ಕುಡಿದ ಇಂಜಿನ್

ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದ ಖಂಡೆಪ್ಪನ ಅಂಬಾಸಿಡರ್ ಟ್ಯಾಕ್ಸಿಗೆ ಎಷ್ಟು ವಯಸ್ಸಾಯಿತು ಎಂದು ಯಾರಾದರೂ ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೈಲಿ ತೋರಿಸುವ ಮೀಟರು ಪೂರ್ತಿ ತಿರುಗಿ ಸೊನ್ನೆಗೆ ಬಂದು, ಮತ್ತೆ ಅರ್ಧ ತಿರುಗಿ, ಸಾಕಪ್ಪಾ ಎಂದು ನಿಂತುಬಿಟ್ಟಿತ್ತು. ಇಂಜಿನ್ ಮಾತ್ರ ನಿಂತಿರಲಿಲ್ಲ. ಅದಕ್ಕೆ ದೇವರು ಕಾರಣನಲ್ಲ, ತಾನೇ ಕಾರಣ ಎಂದು ಖಂಡೆಪ್ಪ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದ. ಸುಳ್ಳೂ ಅಲ್ಲ ಬಿಡಿ. ಬೆಳಗಾದರೆ ಬಾನೆಟ್ ಎತ್ತಿ ಎಣ್ಣೆಯ ಅಳತೆಕಡ್ಡಿ ಎಳೆದು ನೋಡುವವನು, ನೀರು ನೋಡುವವನು, ಚಾಲೂ ಮಾಡಿದ ಮೇಲೆ ಇಂಜಿನ್ನಿನ ಮೈ ಬೆಚ್ಚಗಾಗುವ ತನಕ ಗೇರಿಗೆ ಕೈ ಹಚ್ಚದವನು. ಏರು ಹತ್ತಿ ಬಂದರೆ ತಟ್ಟನೆ ಬಂದ್ ಮಾಡುತ್ತಿರಲಿಲ್ಲ. ದಣಿದ ಎತ್ತಿಗೆ ಉಸಿರಾಡಲು ಬಿಟ್ಟ ಹಾಗೆ ಒಂದಿಷ್ಟು ಹೊತ್ತು ಸುಮ್ಮನೆ ತಿರುಗಲು ಬಿಡುತ್ತಿದ್ದ. ಹೆಂಡತಿ ಹೊನ್ನವ್ವನಿಗೆ ಜ್ವರ ಬಂದದ್ದು ಅವನಿಗೆ ಯಾರಾದರೂ ಹೇಳಬೇಕಾಗಿತ್ತು. ಇಂಜಿನ್ನಿಗೆ ಬಂದದ್ದು ತಾನಾಗಿಯೇ ತಿಳಿಯುತ್ತಿತ್ತು.

ಎಪ್ಪತ್ನಾಲ್ಕರ ಆ ಮಳೆಗಾಲದಲ್ಲಿ ಈ ಇಂಜಿನ್ ಅವನಿಗೆ ಬರೀ ಹೊಟ್ಟೆಪಾಡಾಗಿರಲಿಲ್ಲ. ಒಬ್ಬಳೇ ಮಗಳು ಕಸ್ತೂರೆವ್ವ ಹೂವಿನ ಹಿಪ್ಪರಗಿಯಲ್ಲಿ ಗಂಡನ ಮನೆಯಲ್ಲಿದ್ದಳು, ತುಂಬಿದ ಬಸುರಿ. ಹಿಂದಿನ ಸಲ ದಿನ ತುಂಬುವ ಮೊದಲೇ ನೋವು ಬಂದು, ಚಕ್ಕಡಿ ಎರೆಮಣ್ಣಿನಲ್ಲಿ ಹೂತು, ಕೂಸು ದಾರಿಯಲ್ಲೇ ಹೋಗಿತ್ತು. ಈ ಸಲ ನೋವು ಕಾಣಿಸಿದ ಕೂಡಲೇ ಕರೆತರಬೇಕು, ತಡವಾದರೆ ತಾಯಿ ಉಳಿಯುವುದೂ ಕಷ್ಟ ಎಂದು ಬಿಜಾಪುರದ ಡಾಕ್ಟರು ಹೇಳಿದ್ದರು. ಅಳಿಯ ಗುರಲಿಂಗಪ್ಪ ಮೆತ್ತಗಿನ ಮನುಷ್ಯ. ಮಾವನ ಮುಂದೆ ಕೈ ಕಟ್ಟಿ ನಿಂತು, "ಮದ್ಲ ಬಿಜಾಪುರದಾಗ ಖೋಲಿ ಹಿಡದು ಇಟ್ಟಬಿಡೂನೇನ್ರಿ ಮಾವಾರ?" ಎಂದಿದ್ದ.

"ಯಾಕಪಾ? ನನ್ನ ಗಾಡಿ ಸತ್ತೈತೇನು? ನೀ ಸುದ್ದಿ ಮುಟ್ಟಸು ಸಾಕು, ಉಳದದ್ದು ನನಗ ಬಿಡು," ಎಂದು ಖಂಡೆಪ್ಪ ಅವನ ಬಾಯಿ ಮುಚ್ಚಿಸಿದ್ದ.

ಮಾತು ಕೊಟ್ಟದ್ದೇನೋ ಆಯಿತು. ಆದರೆ ಹಳೆಯ ಇಂಜಿನ್ ಪೆಟ್ರೋಲಿಗಿಂತ ಎಣ್ಣೆಯನ್ನೇ ಹೆಚ್ಚು ಬೇಡುತ್ತದೆ. ಆ ವರ್ಷ ಅರಬರ ದೇಶದಲ್ಲಿ ಏನೋ ಜಗಳವಾಗಿ ಇಂಜಿನ್ ಎಣ್ಣೆ ಅನ್ನುವುದು ಕಣ್ಣಿಗೆ ಬೀಳದಂತಾಗಿತ್ತು. ಒಳಗೆ ಸಣ್ಣಗೆ ಟಕ್ ಟಕ್ ಎನ್ನುವ ಸಪ್ಪಳ ಬೇರೆ ಶುರುವಾಯಿತು. ಗ್ಯಾರೇಜಿನ ಮೇಸ್ತ್ರಿ ಕುತುಬುದ್ದೀನ ಕಿವಿಗೊಟ್ಟು ಕೇಳಿ ಮುಖ ಸಣ್ಣದು ಮಾಡಿದ.

"ಬಿಚ್ಚಬೇಕು ಖಂಡೆಪ್ಪಣ್ಣ. ಸಾಮಾನ ಸೊಲ್ಲಾಪುರದಿಂದ ಬರಬೇಕು. ತಡಾ ಆಕ್ಕೈತಿ."

"ಮಗಳು ಹಡದು ಮನಿಗೆ ಬರ್ಲಿ, ಆಮ್ಯಾಲ ಬೇಕಾದಷ್ಟು ಬಿಚ್ಚು."

"ಹಂಗಾರ ಬಾಡಿಗಿ ಹೊಡೀಬ್ಯಾಡ. ಇದ್ದೀಟು ಎಣ್ಣಿ ಆಕಿ ಸಲುವಾಗಿ ಇರ್ಲಿ."

"ನಿಂತ ಇಂಜಿನ್ ಅಂದ್ರ ಹೆಣಾ ಇದ್ದಂಗೋ ಕುತುಬಾ. ದಿನಾ ತಿರಗಬೇಕದು," ಎಂದು ಖಂಡೆಪ್ಪ ಹೊರಟುಬಿಟ್ಟ. ಹೇಳಿದ್ದನ್ನು ಕೇಳಿದ್ದರೆ ಅವನನ್ನು ಖಂಡೆಪ್ಪ ಎಂದು ಯಾರು ಕರೆಯುತ್ತಿದ್ದರು?

ಅವರದು ಗಾಣದ ಮನೆತನ. ತಮ್ಮ ಇನ್ನೂ ಮನೆಯ ಹಿಂದೆ ಗಾಣ ಹೂಡುತ್ತಿದ್ದ. ಅಜ್ಜ, ಮುತ್ತಜ್ಜ ಎಲ್ಲರೂ ಚಕ್ಕಡಿಯ ಕೀಲಿಗೆ ತಮ್ಮದೇ ಎಣ್ಣೆ ಹಾಕಿ ಊರೂರು ತಿರುಗಿದವರು. ಕೊಡಗಟ್ಟಲೆ ಕುಸುಬಿ ಎಣ್ಣೆ ಮನೆಯಲ್ಲಿಟ್ಟುಕೊಂಡು ಊರವರ ಮುಂದೆ ಎಣ್ಣೆ ಇಲ್ಲವೆಂದು ಅಳುವುದೇ? ಒಂದು ಬೆಳಿಗ್ಗೆ ಹೊಸದಾಗಿ ಹಿಂಡಿದ, ಬಂಗಾರದ ಬಣ್ಣದ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಇಂಜಿನ್ನಿಗೆ ಸುರಿದ.

ಸಪ್ಪಳ ನಿಂತುಹೋಯಿತು. ನಿಜಕ್ಕೂ ನಿಂತಿತು. ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ ಇಂಜಿನ್ ತಿರುಗಿತು. ಖಂಡೆಪ್ಪ ಹಿಗ್ಗಿ ಹೀರೇಕಾಯಿಯಾದ. ಇಂಡಿಗೆ ಹೋಗಿ ಬಂದ, ಮುದ್ದೇಬಿಹಾಳಕ್ಕೆ ಹೋಗಿ ಬಂದ, ಪ್ರತಿ ಸಲ ಕಡಿಮೆಯಾದಷ್ಟು ಗಾಣದ ಎಣ್ಣೆ ಹೊಯ್ದ. ಕಾರು ಹೋದಲ್ಲೆಲ್ಲ ಭಜಿ ಕರಿದ ವಾಸನೆ ಹಿಂದೆ ಹಿಂದೆ ಬರುತ್ತಿತ್ತು. ಜನ ಮೂಗರಳಿಸಿ ನಗುತ್ತಿದ್ದರು. ಕುತುಬುದ್ದೀನ ಒಬ್ಬ ನಗಲಿಲ್ಲ. ವಾಸನೆ ಹಿಡಿದು, ಖಂಡೆಪ್ಪನನ್ನು ನೋಡಿ, "ಪಾಪ, ನಿನ್ನ ಮಗಳು," ಎಂದಷ್ಟೇ ಹೇಳಿ ಒಳಗೆ ಹೋದ.

ಆ ಮಾತು ಖಂಡೆಪ್ಪನ ಎದೆಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ಮನೆಗೆ ಬಂದರೆ ಹೊನ್ನವ್ವ ದೇವರ ಮುಂದಿನ ಪಣತಿಯನ್ನು ಬೂದಿ ಹಾಕಿ ತಿಕ್ಕುತ್ತ ಕೂತಿದ್ದಳು. ತಳದಲ್ಲಿ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತು ಉಗುರಿಗೂ ಬಗ್ಗುತ್ತಿರಲಿಲ್ಲ.

"ಕುಸುಬಿ ಎಣ್ಣಿ ಕಾದು ಕಾದು ಹಿಂಗ ಆಕ್ಕೈತಿ ನೋಡ್ರಿ. ನಿಮ್ಮ ಇಂಜಿನ್ನಿನ ಹೊಟ್ಟ್ಯಾಗ ಏನ್ ಆಗಾಕತ್ತೈತೋ ಏನೋ."

"ಪಣತಿಗೂ ಇಂಜಿನ್ನಿಗೂ ಏನ್ ಸಂಬಂಧ? ಸುಮ್ನ ತಿಕ್ಕು," ಎಂದು ಗದರಿಸಿದ. ಗದರಿಸಿದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಮರುದಿನ ಅಳತೆಕಡ್ಡಿ ಎಳೆದಾಗ ಎಣ್ಣೆ ತೊಟ್ಟಿಕ್ಕಲಿಲ್ಲ, ಎಳೆ ಎಳೆಯಾಗಿ ಜೋಲಿತು. ಅವನು ಅದನ್ನು ನೋಡಿಯೂ ನೋಡದವನಂತೆ ಒಳಗೆ ತುರುಕಿದ. ಅಂದಿನಿಂದ ಕಡ್ಡಿ ಎಳೆಯುವುದನ್ನೇ ಬಿಟ್ಟ. ಇಷ್ಟು ವರ್ಷ ಒಂದು ದಿನವೂ ತಪ್ಪಿಸದಿದ್ದ ಮನುಷ್ಯ ಬಾನೆಟ್ಟಿಗೆ ಬೆನ್ನು ಹಾಕಿ ಚಹಾ ಕುಡಿಯುತ್ತ ನಿಲ್ಲತೊಡಗಿದ. ಇಂಜಿನ್ ಸುಮ್ಮನಿತ್ತು, ತೀರಾ ಸುಮ್ಮನಿತ್ತು. ಈ ಸುಮ್ಮನಿರುವುದು ಅವನಿಗೆ ಸೇರುತ್ತಿರಲಿಲ್ಲ.

ಗುರಲಿಂಗಪ್ಪ ಮೊದಲ ಬಸ್ಸಿಗೆ ಬಂದಿಳಿದಾಗ ಅವನ ಮುಖ ನೋಡಿದರೇ ಸುದ್ದಿ ತಿಳಿಯುವಂತಿತ್ತು. ಹೊನ್ನವ್ವ ಬಟ್ಟೆಬರೆ ಕಟ್ಟಿಕೊಂಡು ಬಿಜಾಪುರದ ಬಸ್ಸು ಹತ್ತಿದಳು, ಆಸ್ಪತ್ರೆಯಲ್ಲೇ ಸೇರುವುದೆಂದು ಮಾತಾಯಿತು. ಮಾವ ಅಳಿಯ ಹಿಪ್ಪರಗಿಗೆ ಹೊರಟರು. ಮೋಡ ಕವಿದು, ಮಳೆಯೂ ಬಾರದೆ, ಗಾಳಿಯೂ ಬೀಸದೆ ಎರೆಹೊಲಗಳೆಲ್ಲ ಉಸಿರು ಕಟ್ಟಿಕೊಂಡಿದ್ದವು. ದಾರಿಯಲ್ಲಿ, ಸ್ಟಿಯರಿಂಗಿನ ಮುಂದೆ, ಇಂಜಿನ್ನಿಗೆ ಎಣ್ಣೆ ಸಾಲದೆಂದು ಎಚ್ಚರಿಸುವ ಕೆಂಪು ದೀಪ ಒಮ್ಮೆ ಮಿಣುಕಿತು. ಖಂಡೆಪ್ಪ ಅದರ ಮೇಲೆ ಟಾವೆಲ್ ಹಾಕಿದ.

ಕಸ್ತೂರೆವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅಪ್ಪನನ್ನು ನೋಡಿ ಅಷ್ಟು ನೋವಿನಲ್ಲೂ ನಕ್ಕಳು. "ಬಂದಿ ಯಪ್ಪಾ? ಇನ್ನ ನನಗ ಅಂಜಿಕಿಲ್ಲ."

ಊರು ದಾಟಿ ಬಿಜಾಪುರಕ್ಕೆ ಹೋಗುವ ಬಾಗೇವಾಡಿಯ ದಾರಿ ಹಿಡಿದರು. ಎರಡೂ ಕಡೆ ಹೊಲ, ನರಪಿಳ್ಳೆ ಇಲ್ಲ. ಸಣ್ಣ ಏರು ಹತ್ತುವಾಗ ಕಾರು ಒಮ್ಮೆ ಮೈ ಜಾಡಿಸಿತು. ಬಾನೆಟ್ಟಿನ ಸಂದಿಯಿಂದ ಕರಿ ಹೊಗೆ ಬಂತು. ಕಬ್ಬಿಣವನ್ನು ಕಬ್ಬಿಣ ಕಚ್ಚಿ ಹಿಡಿದ ಒಂದು ಕರ್ಕಶ ಸಪ್ಪಳವಾಗಿ ಕಾರು ನಿಂತಿತು. ಖಂಡೆಪ್ಪ ಇಳಿದು ಕಡ್ಡಿ ಎಳೆಯಲು ಹೋದ. ಅದು ಬರಲೇ ಇಲ್ಲ, ಒಳಗೆ ಅಂಟಿಕೊಂಡಿತ್ತು. ಮುಂದಿನಿಂದ ಇಂಜಿನ್ ತಿರುಗಿಸುವ ಹ್ಯಾಂಡಲ್ ಹಾಕಿ ಮೈಭಾರ ಬಿಟ್ಟು ಒತ್ತಿದ. ಕೂದಲೆಳೆಯಷ್ಟೂ ತಿರುಗಲಿಲ್ಲ. ತಾನೇನು ಮಾಡಿದೆನೆಂದು ಅವನಿಗೆ ಪೂರ್ತಿ ತಿಳಿಯಿತು.

"ಏನಾತ್ರಿ ಮಾವಾರ?" ಗುರಲಿಂಗಪ್ಪ ಹಿಂದೆಯೇ ಇಳಿದು ಬಂದ.

"ಕಾದೈತಿ. ಆರಿದ್ರ ಚಾಲೂ ಆಕ್ಕೈತಿ. ಆದ್ರೂ ನೀ ಓಡು, ಬಸ್ಸು, ಲಾರಿ, ಚಕ್ಕಡಿ, ಏನ್ ಸಿಕ್ಕರೂ ತಗೊಂಡ ಬಾ."

ಅಳಿಯ ಧೋತರ ಎತ್ತಿಕೊಂಡು ಓಡಿದ. ಅವನು ಏರಿನಾಚೆ ಮರೆಯಾದ ಮೇಲೂ ಖಂಡೆಪ್ಪ ಹ್ಯಾಂಡಲ್ ಒತ್ತುತ್ತಲೇ ಇದ್ದ. ತಿರುಗುತ್ತದೆಂದಲ್ಲ. ಒಳಗೆ ಮಲಗಿದ್ದ ಮಗಳಿಗೆ ಅಪ್ಪ ಏನೋ ಮಾಡುತ್ತಿದ್ದಾನೆ ಅನ್ನಿಸಲಿ ಎಂದು. ಅಂಗೈ ಸುಲಿದು ರಕ್ತ ಬಂತು. ಅವಳ ನರಳಾಟ ಕೇಳುತ್ತಿತ್ತು. ಆಮೇಲೆ ಅದೂ ಕೇಳದಾಯಿತು.

"ಯಪ್ಪಾ, ಅದನ್ನ ಬಿಡು. ಇಲ್ಲಿ ಬಾ."

ಅವನು ಬಾಗಿಲ ಹತ್ತಿರ ಬಂದ. ಕಸ್ತೂರೆವ್ವನ ಮುಖ ಬಿಳಿಚಿಕೊಂಡಿತ್ತು. ಹಡೆದಪ್ಪನಾದರೂ ಮುಟ್ಟುವಂತಿಲ್ಲ ಎನ್ನುವ ನಾಚಿಕೆಯೆಲ್ಲ ಬಿಟ್ಟು ಅವಳು ಅವನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಬ್ಯಾನಿ ನಿಂತಾವು. ಕೂಸು ಅಳ್ಳಾಡತೈತೇನ ನೋಡು. ನನಗ ತಿಳೀವಲ್ದು."

ಖಂಡೆಪ್ಪ ಉಸಿರು ಹಿಡಿದ. ಸೀರೆಯ ಕೆಳಗೆ ಬಿಗಿದ ಹೊಟ್ಟೆ ಬೆಚ್ಚಗಿತ್ತು. ಬಹಳ ಹೊತ್ತು ಕೈ ಹಾಗೇ ಇಟ್ಟ. ಏನೂ ತಾಗಲಿಲ್ಲ.

"ಅಳ್ಳಾಡಾಕತ್ತೈತವ್ವಾ," ಎಂದ.

ಮಗಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅವನ ಕೈಯನ್ನು ಮೆಲ್ಲಗೆ ಎತ್ತಿ ಆಚೆ ಇಟ್ಟು, ಮಗ್ಗಲು ತಿರುಗಿದಳು.